ಊರಲ್ಲಿದ್ದುಕೊಂಡೇ ಮಗಳಿಗೆ ಫೋನು ತೋರಿಸಿ



ಈ ಸಲ ಬಂದ ಕಾಗದಗಳಲ್ಲಿ ಅರ್ಧಕ್ಕರ್ಧ ಒಂದೇ ದೂರು. ತಿಪಟೂರಿನ ಸೋದರಿಯೊಬ್ಬರು ಹೀಗೆ ಬರೆದಿದ್ದಾರೆ: "ಮಗಳು ಬೆಂಗಳೂರಿನಲ್ಲಿದ್ದಾಳೆ. ಫೋನು ಕೊಡಿಸಿದವಳೂ ಅವಳೇ. ಆದರೆ ಏನಾದರೂ ಕೆಟ್ಟರೆ ಅವಳನ್ನು ಕೇಳುವುದೇ ಒಂದು ಕಷ್ಟ. ‘ಫೋಟೋ ಬರ್ತಾ ಇಲ್ಲ ಕಣೇ’ ಅಂದರೆ, ‘ಅಮ್ಮಾ, ಮೇಲೆ ಬಲಗಡೆ ಮೂರು ಚುಕ್ಕೆ ಇದೆ ನೋಡು, ಅದನ್ನ ಒತ್ತು’ ಅಂತಾಳೆ. ನನಗೆ ಚುಕ್ಕೆಯೇ ಕಾಣೋದಿಲ್ಲ. ‘ಇದೆಯಮ್ಮಾ, ಸರಿಯಾಗಿ ನೋಡು’ ಅಂತ ಅವಳು, ‘ಇಲ್ಲವೇ ಇಲ್ಲ’ ಅಂತ ನಾನು. ಕೊನೆಗೆ ಇಬ್ಬರಿಗೂ ಸಿಟ್ಟು ಬಂದು ಫೋನ್ ಇಟ್ಟುಬಿಡ್ತೀವಿ."

ಸಾಗರದ ಸೋದರಿಯದು ಇನ್ನೊಂದು ಬಗೆ. ಅವರು ಬಸ್‌ಸ್ಟ್ಯಾಂಡಿನ ಹತ್ತಿರದ ಮೊಬೈಲ್ ಅಂಗಡಿಗೆ ಹೋಗುತ್ತಾರೆ. ಅಲ್ಲಿನ ಹುಡುಗ ಎರಡೇ ನಿಮಿಷದಲ್ಲಿ ಸರಿಮಾಡಿಕೊಡುತ್ತಾನಂತೆ. "ಆದರೆ ಆ ಎರಡು ನಿಮಿಷ ಅವನು ನನ್ನ ಫೋನಿನಲ್ಲಿ ಏನೇನು ನೋಡ್ತಾನೋ ಅಂತ ಜೀವ ಢವಢವ ಅನ್ನುತ್ತೆ" ಎಂದು ಬರೆದಿದ್ದಾರೆ. ಅನ್ನಬೇಕಾದದ್ದೇ. ಮಗಳ ಬಾಣಂತನದ ಫೋಟೋಗಳು, ತವರಿನವರ ಜೊತೆಯ ಮಾತುಕತೆ, ಬ್ಯಾಂಕಿನ ಸಂದೇಶ ಎಲ್ಲವೂ ಆ ಒಂದು ಡಬ್ಬಿಯಲ್ಲೇ ಇರುವಾಗ ಕಂಡವರ ಕೈಗೆ ಅದನ್ನು ಕೊಡುವುದೆಂದರೆ ಬೀರುವಿನ ಬೀಗದಕೈ ಕೊಟ್ಟ ಹಾಗೇ ಅಲ್ಲವೇ?

ಈ ಇಬ್ಬರಿಗೂ ಒಂದೇ ಉಪಾಯ ಸಾಕು. ನಿಮ್ಮ ಫೋನಿನ ಸ್ಕ್ರೀನಿನಲ್ಲಿ ಏನು ಕಾಣುತ್ತದೆಯೋ ಅದನ್ನೇ ಬೆಂಗಳೂರಿನಲ್ಲಿರುವ ಮಗಳು ತನ್ನ ಕಂಪ್ಯೂಟರಿನಲ್ಲಿ ನೋಡಬಹುದು. ಅವಳು ಹೊಸದಾಗಿ ಏನನ್ನೂ ಹಾಕಿಕೊಳ್ಳಬೇಕಾಗಿಲ್ಲ. ಅವಳ ಕಂಪ್ಯೂಟರಿನಲ್ಲಿ ಕ್ರೋಮೋ ಫೈರ್‌ಫಾಕ್ಸೋ ಯಾವುದಾದರೊಂದು ಬ್ರೌಸರ್ ಇದ್ದರೆ ಆಯಿತು. ಬ್ರೌಸರ್ ಅಂದರೆ ಗಾಬರಿ ಬೇಡ, ಇಂಟರ್‌ನೆಟ್ಟಿನ ಪುಟಗಳನ್ನು ತೆರೆದು ನೋಡುವ ಕಿಟಕಿ ಅಷ್ಟೇ. ಆ ಕಿಟಕಿಯಲ್ಲಿ ನಿಮ್ಮ ಫೋನು ಕಂಡರೆ ಮೂರು ಚುಕ್ಕೆ ಇದೆಯೋ ಇಲ್ಲವೋ ಎಂಬ ಜಗಳ ಅಲ್ಲಿಗೇ ಮುಗಿಯಿತು.

ಇದು ನಡೆಯುವ ರೀತಿ ಸಿನಿಮಾ ರೀಲಿನ ಹಾಗೆ. ಫೋನು ತನ್ನ ಸ್ಕ್ರೀನಿನ ಚಿತ್ರವನ್ನು ಒಂದು ಸೆಕೆಂಡಿನಲ್ಲಿ ಹಲವು ಸಲ ತೆಗೆದು, ಹಿಂಡಿ ಚಿಕ್ಕದು ಮಾಡಿ, ಒಂದರ ಹಿಂದೆ ಒಂದರಂತೆ ಕಳಿಸುತ್ತಾ ಇರುತ್ತದೆ. ಅತ್ತ ಬ್ರೌಸರು ಅವನ್ನು ಬಿಡಿಸಿ ತೋರಿಸುತ್ತದೆ. ಹೀಗೆ ಬ್ರೌಸರಿನಲ್ಲೇ ಚಿತ್ರ, ಧ್ವನಿ ಹರಿಯುವಂತೆ ಮಾಡುವ ವಿಧಾನಕ್ಕೆ ವೆಬ್‌ಆರ್‌ಟಿಸಿ ಎಂದು ಹೆಸರು. ಗೂಗಲ್ ಸಂಸ್ಥೆ 2011ರಲ್ಲಿ ಅದನ್ನು ಎಲ್ಲರಿಗೂ ಬಿಟ್ಟುಕೊಟ್ಟಿತು. 2021ರ ಜನವರಿಯಲ್ಲಿ ಅದು ವೆಬ್‌ನ ಅಧಿಕೃತ ಮಾನದಂಡವೂ ಆಯಿತು. ಹೆಸರು ನೆನಪಿಟ್ಟುಕೊಳ್ಳಬೇಕಾಗಿಲ್ಲ. ಹೋಗುವುದು ಕಾಣುವ ಚಿತ್ರ ಮಾತ್ರ ಎಂಬುದನ್ನು ತಿಳಿದುಕೊಂಡರೆ ಸಾಕು. ನೀವು ತೆರೆಯದ ಫೋಟೋ ಅತ್ತ ಕಡೆಯವರಿಗೆ ಕಾಣುವುದಿಲ್ಲ. ತೆರೆದದ್ದು, ತಾನಾಗಿ ತೆರೆದುಕೊಂಡದ್ದು ಎಲ್ಲವೂ ಕಾಣುತ್ತದೆ. ಈ ‘ತಾನಾಗಿ’ ಎಂಬ ಮಾತಿಗೆ ಆಮೇಲೆ ಬರುತ್ತೇನೆ.

ಮಾಡುವ ಬಗೆ ನೋಡಿ. ಹಲವು ದಾರಿಗಳಿವೆ, ನಾನು ಹೇಳುವುದು ಗೂಗಲ್ ಮೀಟ್ ಎಂಬುದರ ದಾರಿ. ಬಹಳಷ್ಟು ಆಂಡ್ರಾಯ್ಡ್ ಫೋನುಗಳಲ್ಲಿ ಅದು ಮೊದಲೇ ಇರುತ್ತದೆ. ಮಗಳು ತನ್ನ ಕಂಪ್ಯೂಟರಿನ ಬ್ರೌಸರಿನಲ್ಲಿ ಮೀಟ್ ತೆರೆದು, ಒಂದು ಕೊಂಡಿ ಮಾಡಿ ನಿಮ್ಮ ವಾಟ್ಸಾಪಿಗೆ ಕಳಿಸಲಿ. ನೀಲಿ ಅಕ್ಷರದ ಒಂದು ಸಾಲು ಬರುತ್ತದೆ, ಅದರ ಕೊನೆಯಲ್ಲಿ ಮೂರು, ನಾಲ್ಕು, ಮೂರು ಎಂದು ಗೆರೆ ಹಾಕಿದ ಹತ್ತು ಇಂಗ್ಲಿಷ್ ಅಕ್ಷರಗಳು. ಅದನ್ನು ಒತ್ತಿ, ಜಾಯಿನ್ ಎಂದಿರುವಲ್ಲಿ ಒತ್ತಿದರೆ ಇಬ್ಬರೂ ಮಾತಾಡಬಹುದು. ಈಗ ನಿಮ್ಮ ಫೋನಿನ ಕೆಳಗಡೆ ಮೂರು ಚುಕ್ಕೆ ಇರುತ್ತವೆ. (ಹೌದು, ಮತ್ತೆ ಚುಕ್ಕೆ! ಇದೊಂದನ್ನು ಮೊದಲ ಸಲ ಹೇಗಾದರೂ ಹುಡುಕಬೇಕು. ಕಾಣದಿದ್ದರೆ ಸ್ಕ್ರೀನಿನ ಮೇಲೆ ಒಮ್ಮೆ ಬೆರಳು ಮುಟ್ಟಿಸಿ, ಅಡಗಿದ್ದ ಗುಂಡಿಗಳೆಲ್ಲ ಎದ್ದು ಬರುತ್ತವೆ.) ಚುಕ್ಕೆ ಒತ್ತಿದರೆ ‘ಶೇರ್ ಸ್ಕ್ರೀನ್’ ಎಂದಿರುತ್ತದೆ.

ಅದನ್ನು ಒತ್ತಿದ ಮೇಲೆ ಫೋನು ಒಂದು ಎಚ್ಚರಿಕೆಯ ಮಾತು ತೋರಿಸುತ್ತದೆ. ನಿಮ್ಮ ಸ್ಕ್ರೀನಿನಲ್ಲಿ ಕಾಣುವುದೆಲ್ಲ ಹೊರಗೆ ಹೋಗುತ್ತದೆ, ಪಾಸ್‌ವರ್ಡು, ಹಣದ ವಿವರ, ಸಂದೇಶ, ಫೋಟೋಗಳ ಬಗ್ಗೆ ಜೋಪಾನ ಎಂಬ ಅರ್ಥದ ಮಾತು. ನಾವೆಲ್ಲ ಇದನ್ನು ಔಷಧಿ ಡಬ್ಬದ ಮೇಲಿನ ಸಣ್ಣಕ್ಷರದ ಹಾಗೆ ಓದದೆ ‘ಸರಿ’ ಎಂದು ಒತ್ತಿಬಿಡುತ್ತೇವೆ. ದಯವಿಟ್ಟು ಇಲ್ಲಿ ಒಂದು ಉಸಿರು ನಿಲ್ಲಿ. ಹೊಸ ಫೋನುಗಳಲ್ಲಿ ಇದೇ ಜಾಗದಲ್ಲಿ ಇಡೀ ಸ್ಕ್ರೀನು ತೋರಿಸಬೇಕೋ ಅಥವಾ ಒಂದೇ ಆಪ್ ತೋರಿಸಬೇಕೋ ಎಂದೂ ಕೇಳುತ್ತದೆ. ಕೆಲಸ ವಾಟ್ಸಾಪಿನದಾದರೆ ವಾಟ್ಸಾಪು ಒಂದನ್ನೇ ಆರಿಸಿಕೊಳ್ಳಿ. ಬಂದವರಿಗೆ ನಡುಮನೆ ತೋರಿಸಿದರೆ ಸಾಲದೇ, ಉಗ್ರಾಣ ಯಾಕೆ?

ಇಷ್ಟಾದರೆ ಮಗಳಿಗೆ ನಿಮ್ಮ ಫೋನು ಕಾಣುತ್ತದೆ. ನಿಮ್ಮ ಬೆರಳು ಮಾತ್ರ ಕಾಣುವುದಿಲ್ಲ. ಆದ್ದರಿಂದ "ಈಗ ಸೆಟ್ಟಿಂಗ್ಸ್ ಒತ್ತಿದೆ, ಈಗ ಹಿಂದಕ್ಕೆ ಬಂದೆ" ಎಂದು ಬಾಯಲ್ಲಿ ಹೇಳುತ್ತಾ ಮಾಡಿ. ನಿಮ್ಮಲ್ಲಿ ಬದಲಾದದ್ದು ಅವಳಿಗೆ ಕಾಣಲು ಒಂದೆರಡು ಕ್ಷಣ ತಡವಾಗಬಹುದು. ನಮ್ಮೂರುಗಳ ನೆಟ್‌ವರ್ಕು ನಿಮಗೆ ಗೊತ್ತೇ ಇದೆಯಲ್ಲ, ಕರೆಂಟು ಹೋದರೆ ಅದೂ ಹೋಗುತ್ತದೆ. ಅವಸರ ಬೇಡ. ಒಂದು ನೋಟುಬುಕ್ಕು, ಪೆನ್ನು ಪಕ್ಕದಲ್ಲಿಟ್ಟುಕೊಂಡು ಮಗಳು ಹೇಳಿದ್ದನ್ನು ನಿಮ್ಮದೇ ಮಾತಿನಲ್ಲಿ ಬರೆದುಕೊಳ್ಳಿ. ‘ಹಲ್ಲಿನ ಚಕ್ರ ಒತ್ತಿ, ಕೆಳಗೆ ಜಾರಿಸಿ, ಮೂರನೇದು’ ಎಂದು ಬರೆದರೂ ನಡೆಯುತ್ತದೆ, ಓದಬೇಕಾದವರು ನೀವೇ ತಾನೆ. ಮುಂದಿನ ಸಲ ಮಗಳನ್ನು ಕರೆಯಬೇಕಾಗಿಯೇ ಇಲ್ಲ. ಕೆಲಸ ಮುಗಿದ ಕೂಡಲೇ ‘ಸ್ಟಾಪ್ ಶೇರಿಂಗ್’ ಒತ್ತಿ, ಆಮೇಲೆ ಕೆಂಪು ಗುಂಡಿ. ಮಾತು ಮುಗಿಯಿತೆಂದು ಫೋನನ್ನು ಹಾಗೇ ಸೆರಗಿಗೆ ಸಿಕ್ಕಿಸಿಕೊಂಡು ಒಲೆಯ ಹತ್ತಿರ ಹೋಗಬೇಡಿ, ಅತ್ತ ಸಿನಿಮಾ ಓಡುತ್ತಲೇ ಇರುತ್ತದೆ!

ಮಕ್ಕಳು ಅಮೆರಿಕದಲ್ಲಿದ್ದರೂ ಇದೇ ಕ್ರಮ. ಅಲ್ಲಿನ ಪೂರ್ವ ಕರಾವಳಿಯ ಊರುಗಳು ಕಾಲಕ್ಕೆ ತಕ್ಕಂತೆ ನಮಗಿಂತ ಒಂಬತ್ತೂವರೆಯಿಂದ ಹತ್ತೂವರೆ ಗಂಟೆ ಹಿಂದೆ. ನಮ್ಮ ಬೆಳಗಿನ ಕಾಫಿಯ ಹೊತ್ತು ಅವರಿಗೆ ರಾತ್ರಿ ಊಟ ಮುಗಿದ ಹೊತ್ತು, ಆಗ ಪುರುಸೊತ್ತೂ ಇರುತ್ತದೆ.

ಈ ಮೀಟ್‌ನಲ್ಲಿ ನನಗೆ ಹಿಡಿಸಿದ ಒಂದು ಗುಣವೆಂದರೆ, ನೋಡುವವರು ನೋಡಬಹುದೇ ಹೊರತು ನಿಮ್ಮ ಫೋನನ್ನು ಮುಟ್ಟಲು ಅವರಿಗೆ ಬರುವುದಿಲ್ಲ. ಒತ್ತುವ ಬೆರಳು ನಿಮ್ಮದೇ. ಮಗಳಿಗೆ ಇದು ತುಸು ಬೇಸರ ತರಿಸಬಹುದು, "ನಂಗೇ ಕೊಡಮ್ಮಾ, ಮಾಡಿಬಿಡ್ತೀನಿ" ಎನ್ನುವ ಜಾತಿ ಅವರದು. ಆದರೆ ಪಕ್ಕದಲ್ಲಿ ಕೂತು ಲಟ್ಟಿಸುವುದನ್ನು ನೋಡಿದವರೆಲ್ಲ ಹೋಳಿಗೆ ಮಾಡುವುದನ್ನು ಕಲಿತರೇ? ಕೈಯಾಡಿಸಿದವರು ಕಲಿತರು.

ಇನ್ನು ‘ತಾನಾಗಿ ತೆರೆದುಕೊಳ್ಳುವುದು’ ಎಂದೆನಲ್ಲ, ಅದರ ವಿಷಯ. ಫೋನಿನ ನೆತ್ತಿಯಿಂದ ಆಗಾಗ ಒಂದು ಚೀಟಿ ಕೆಳಗಿಳಿದು ಬರುವುದನ್ನು ನೋಡಿದ್ದೀರಿ. ವಾಟ್ಸಾಪ್ ಸಂದೇಶ, ಬ್ಯಾಂಕಿನ ಸಂದೇಶ ಹೀಗೆ. ಸ್ಕ್ರೀನು ತೋರಿಸುತ್ತಿರುವಾಗ ಈ ಚೀಟಿಯೂ ಅತ್ತ ಕಡೆಯವರಿಗೆ ಕಾಣುತ್ತದೆ. ನೀವು ಸೊಸೆಯಿಂದ ರೈಲು ಟಿಕೇಟು ಬುಕ್ ಮಾಡುವುದನ್ನು ಕಲಿಯುತ್ತಾ ಕೂತಿರುವಾಗ, ನಿಮ್ಮ ತಂಗಿ ಮೈಸೂರಿನಿಂದ "ಅಕ್ಕಾ, ನಿನ್ನ ಸೊಸೆ ದರ್ಬಾರು ಇನ್ನೂ ಇಳೀಲಿಲ್ವಾ?" ಎಂದು ಕಳಿಸಿದರೆ ಗತಿಯೇನು! ನಗಬೇಡಿ, ನಾಲ್ಕು ಮಾತಿನ ಚೀಟಿಯಿಂದ ನಾಲ್ಕು ತಿಂಗಳು ಮಾತು ಬಿಟ್ಟ ಮನೆಗಳೂ ಇವೆ. ಒಂದೇ ಆಪ್ ತೋರಿಸುವ ಅನುಕೂಲ ಇದ್ದರೆ ಅದನ್ನೇ ಬಳಸಿ ಎಂದು ಹೇಳಿದ್ದು ಇದಕ್ಕೇ.

ಚೀಟಿ ತಂಗಿಯದಾದರೆ ಮನಸ್ತಾಪ, ಬ್ಯಾಂಕಿನದಾದರೆ? ನಮ್ಮ ಬೀದಿಯಲ್ಲೇ ನಡೆದದ್ದನ್ನು ಹೇಳುತ್ತೇನೆ. ಆಕೆ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತರಾದವರು, ಲೆಕ್ಕಾಚಾರದಲ್ಲಿ ಗಟ್ಟಿ. ಮೊಮ್ಮಗುವಿಗೆಂದು ತರಿಸಿದ ಸ್ವೆಟರು ವಾರವಾದರೂ ಬರಲಿಲ್ಲ. ಕೊರಿಯರಿನವರ ನಂಬರನ್ನು ಇಂಟರ್‌ನೆಟ್ಟಿನಲ್ಲಿ ಹುಡುಕಿ ಸಿಕ್ಕ ನಂಬರಿಗೆ ಫೋನ್ ಮಾಡಿದರು. ಅಂಥ ಕಡೆ ಕಳ್ಳರೂ ತಮ್ಮ ನಂಬರನ್ನು ಇಟ್ಟು ಕಾಯುತ್ತಿರುತ್ತಾರೆ. "ಮೇಡಂ, ವಿಳಾಸ ತಪ್ಪಾಗಿದೆ, ಸರಿಪಡಿಸಿಕೊಡ್ತೀವಿ" ಎಂದು ಬಹಳ ಮರ್ಯಾದೆಯಿಂದ ಮಾತಾಡಿದ. ಒಂದು ಆಪ್ ಹಾಕಿಕೊಳ್ಳಲು ಹೇಳಿದ, ಅದರಲ್ಲಿ ಕಾಣುವ ನಂಬರನ್ನು ಓದಿಸಿದ, ‘ಅಲೋ’ ಎಂಬುದನ್ನು ಒತ್ತಿಸಿದ. ಅಲ್ಲಿಗೆ ಆಕೆಯ ಸ್ಕ್ರೀನು ಅವನ ಮುಂದೆ. ಆಮೇಲೆ ಐದು ರೂಪಾಯಿ ಶುಲ್ಕ ಕಟ್ಟಬೇಕೆಂದು ಒಂದು ಪುಟ ಕಳಿಸಿದ. ಐದೇ ರೂಪಾಯಿ ತಾನೆ ಎಂದು ಆಕೆ ಎ.ಟಿ.ಎಂ. ಕಾರ್ಡಿನ ನಂಬರು ತುಂಬಿಸಿದರು. ಮೇಲಿನಿಂದ ಒಂದು ಚೀಟಿ ಇಳಿಯಿತು, ಓಟಿಪಿ. ಆಕೆ ಕನ್ನಡಕ ಹಾಕಿಕೊಂಡು ಓದುವಷ್ಟರಲ್ಲಿ ಅವನು ಓದಿ ಆಗಿತ್ತು. ಮರುಕ್ಷಣ ಇನ್ನೊಂದು, ಮತ್ತೊಂದು.

ಪೆನ್ಷನ್ ದುಡ್ಡು ಹೋಯಿತು. ಆಕೆ ಇವತ್ತಿಗೂ ಹೇಳುವುದು ಒಂದೇ ಮಾತು: "ನಾನು ಓಟಿಪಿ ಯಾರಿಗೂ ಹೇಳಲೇ ಇಲ್ಲವಲ್ರೀ." ನಿಜ, ಹೇಳಲಿಲ್ಲ. ಬ್ಯಾಂಕಿನವರು, ಟಿ.ವಿ.ಯವರು, ಮಕ್ಕಳು ಎಲ್ಲರೂ ‘ಓಟಿಪಿ ಹೇಳಬೇಡಿ’ ಎಂದು ಕಲಿಸಿದ್ದರು. ಹೇಳದೆಯೂ ಅದು ಹೊರಗೆ ಹೋಗಬಹುದೆಂದು ಕಲಿಸಿರಲಿಲ್ಲ.

ದುಡ್ಡಿಗಿಂತ ನನಗೆ ಸಂಕಟವಾದದ್ದು ಆಮೇಲಿನದು. ಮಗ ಬಂದು ನಾಲ್ಕು ಜನರ ಮುಂದೆ ಬೈದ, "ನಿನಗ್ಯಾಕೆ ಬೇಕಿತ್ತು ಇದೆಲ್ಲ" ಎಂದ. ಫೋನು ಬೀರು ಸೇರಿತು. ಕರೆಂಟು ಬಿಲ್ಲು, ಗ್ಯಾಸು ಎಲ್ಲವನ್ನೂ ತಾವೇ ನೋಡಿಕೊಳ್ಳುತ್ತಿದ್ದ ಹೆಂಗಸು ಈಗ ಪ್ರತಿಯೊಂದಕ್ಕೂ ಎದುರುಮನೆ ಹುಡುಗನನ್ನು ಕಾಯುತ್ತಾರೆ. ಕಳ್ಳ ಕದ್ದದ್ದು ತಿಂಗಳ ದುಡ್ಡು, ಮನೆಯವರು ಕಸಿದದ್ದು ಧೈರ್ಯ. ಮಗನನ್ನು ಕೇಳಬೇಕೆನಿಸುತ್ತದೆ, ದೊಡ್ಡ ದೊಡ್ಡ ಹುದ್ದೆಯಲ್ಲಿರುವ ಗಂಡಸರೂ ಇದೇ ಬಲೆಗೆ ಬಿದ್ದಿದ್ದಾರಲ್ಲ, ಅವರ ಫೋನನ್ನು ಯಾರು ಬೀರುವಿನಲ್ಲಿಟ್ಟರು?

ಇಂಥ ಮೋಸದ ಬಗ್ಗೆ ರಿಸರ್ವ್ ಬ್ಯಾಂಕು 2019ರ ಫೆಬ್ರವರಿಯಲ್ಲೇ ಎಚ್ಚರಿಕೆ ಕೊಟ್ಟಿತ್ತು. ಆಗ ಅದು ಹೆಸರಿಸಿದ್ದು ಎನಿಡೆಸ್ಕ್ ಎಂಬ ಆಪನ್ನು. ಟೀಮ್‌ವ್ಯೂವರ್ ಎಂಬುದೂ ಅದೇ ಬಗೆಯದು. ಈ ಆಪ್‌ಗಳು ಸ್ವತಃ ಕಳ್ಳ ಆಪ್‌ಗಳಲ್ಲ, ಕಂಪನಿಗಳಲ್ಲಿ ಕಂಪ್ಯೂಟರ್ ರಿಪೇರಿಗೆ ನಿತ್ಯ ಬಳಸುತ್ತಾರೆ. ಈಳಿಗೆಮಣೆ ತರಕಾರಿಯನ್ನೂ ಹೆಚ್ಚುತ್ತದೆ, ಬೆರಳನ್ನೂ ಹೆಚ್ಚುತ್ತದೆ. ಆದರೆ ಮೀಟ್‌ಗೂ ಇವಕ್ಕೂ ಒಂದು ವ್ಯತ್ಯಾಸವಿದೆ. ಇವುಗಳಲ್ಲಿ ಎದುರಿನವರು ನೋಡುವುದಷ್ಟೇ ಅಲ್ಲ, ಅಲ್ಲಿಂದಲೇ ನಿಮ್ಮ ಫೋನನ್ನು ನಡೆಸಲೂ ಬರುತ್ತದೆ. ಅದಕ್ಕಾಗಿ ಫೋನು ‘ಆಕ್ಸೆಸಿಬಿಲಿಟಿ’ ಎಂಬ ಅನುಮತಿ ಕೇಳುತ್ತದೆ. ಆ ಪದ ಕಂಡರೆ ಅಲ್ಲಿಂದ ಹಿಂದಕ್ಕೆ ಬನ್ನಿ. ವಾಟ್ಸಾಪಿನಲ್ಲೂ 2023ರ ಆಗಸ್ಟಿನಿಂದ ವೀಡಿಯೋ ಕರೆಯ ಮಧ್ಯೆ ಸ್ಕ್ರೀನು ತೋರಿಸುವ ಅನುಕೂಲ ಬಂದಿದೆ. ಮನೆಯವರ ಜೊತೆಗೆ ಅದೂ ಒಳ್ಳೆಯದೇ, ಗೊತ್ತಿಲ್ಲದವನು "ಸ್ಕ್ರೀನ್ ಶೇರ್ ಮಾಡಿ" ಎಂದರೆ ಅದೂ ಅಪಾಯವೇ. ಪೊಲೀಸ್ ಬಟ್ಟೆ ಹಾಕಿಕೊಂಡು ವೀಡಿಯೋದಲ್ಲಿ ಬಂದು ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸುವವರ ಸುದ್ದಿ ಓದಿರುತ್ತೀರಿ. ಅಂಥ ಅರೆಸ್ಟು ನಮ್ಮ ಕಾನೂನಿನಲ್ಲೇ ಇಲ್ಲ ಎಂದು 2024ರ ಅಕ್ಟೋಬರಿನಲ್ಲಿ ಪ್ರಧಾನಿಯವರೇ ತಮ್ಮ ಬಾನುಲಿ ಭಾಷಣದಲ್ಲಿ ಹೇಳಿದರು.

"ಬ್ಯಾಂಕಿನ ಆಪ್ ತೆರೆದರೆ ಮಗಳಿಗೆ ಬರೀ ಕಪ್ಪು ಕಾಣುತ್ತಂತೆ, ಫೋನು ಕೆಟ್ಟಿದೆಯಾ?" ಎಂದು ಒಬ್ಬರು ಕೇಳಿದ್ದಾರೆ. ಕೆಟ್ಟಿಲ್ಲ. ಹಲವು ಬ್ಯಾಂಕ್ ಆಪ್‌ಗಳು ತಮ್ಮ ಪುಟಗಳನ್ನು ಯಾರೂ ಚಿತ್ರ ತೆಗೆಯದಂತೆ ಮುಚ್ಚಿಕೊಂಡಿರುತ್ತವೆ, ಅದು ಒಳ್ಳೆಯ ಲಕ್ಷಣ. ಆದರೆ ಎಸ್ಸೆಮ್ಮೆಸ್ಸಿಗೆ ಎಲ್ಲ ಫೋನುಗಳಲ್ಲೂ ಅಂಥ ಮುಸುಕಿಲ್ಲ. 2024ರಲ್ಲಿ ಬಂದ ಆಂಡ್ರಾಯ್ಡ್ 15ರಲ್ಲಿ, ಸ್ಕ್ರೀನು ತೋರಿಸುತ್ತಿರುವಾಗ ಓಟಿಪಿಯ ಚೀಟಿಯನ್ನು ಎದುರಿನವರಿಂದ ಮರೆಮಾಡುವ ಏರ್ಪಾಡು ಮಾಡಿದ್ದಾರೆ. ನಮ್ಮ ನಿಮ್ಮ ಕೈಯಲ್ಲಿರುವುದು ಮಕ್ಕಳು ಬಳಸಿ ಬಿಟ್ಟ ಹಳೆಯ ಫೋನುಗಳು, ಆ ನೆಚ್ಚಿಕೆ ಬೇಡ. ದುಡ್ಡಿನ ಕೆಲಸ ಬಂದಾಗ, ನೋಡುತ್ತಿರುವವಳು ಹೆತ್ತ ಮಗಳೇ ಆಗಿರಲಿ, ತೋರಿಸುವುದನ್ನು ನಿಲ್ಲಿಸಿ, ಕೆಲಸ ಮುಗಿಸಿ, ಬೇಕಾದರೆ ಮತ್ತೆ ತೋರಿಸಿ. ಅವಳ ಮೇಲೆ ಅನುಮಾನ ಅಂತಲ್ಲ. ಅವಳ ಹಿಂದೆ ಆಫೀಸಿನಲ್ಲಿ ಯಾರು ನಿಂತಿದ್ದಾರೋ ನಿಮಗೇನು ಗೊತ್ತು?

ಹಾಗಾದರೆ ಯಾರಿಗೆ ತೋರಿಸಬಹುದು, ಯಾರಿಗೆ ಬೇಡ? ನಾನು ಇಟ್ಟುಕೊಂಡ ಕ್ರಮ ಇಷ್ಟು: ಆ ದನಿ ನನಗೆ ವರ್ಷಗಳಿಂದ ಗೊತ್ತಿರಬೇಕು, ಮತ್ತು ‘ತೋರಿಸಲೇ’ ಎಂದು ಕೇಳಿದವಳು ನಾನಾಗಿರಬೇಕು. ಎರಡೂ ಕೂಡಬೇಕು. ಬ್ಯಾಂಕು, ಗ್ಯಾಸು, ಕೊರಿಯರು, ಕರೆಂಟು ಆಫೀಸು ಯಾರ ಹೆಸರು ಹೇಳಿ ಯಾರೇ ಕೇಳಿದರೂ "ನಾನೇ ಆಫೀಸಿಗೆ ಬರ್ತೀನಿ" ಎಂದು ಫೋನ್ ಇಟ್ಟುಬಿಡಿ. ಮರ್ಯಾದೆ ಹೋಯಿತೆಂದು ಅಳುಕಬೇಡಿ. ನಂಬರು ಬೇಕಾದರೆ ಪಾಸ್‌ಬುಕ್ಕಿನಲ್ಲಿ, ಕಾರ್ಡಿನ ಬೆನ್ನಿನಲ್ಲಿ, ಬಿಲ್ಲಿನಲ್ಲಿ ಅಚ್ಚಾಗಿರುತ್ತದೆ.

ಮಧ್ಯೆ ಒಂದು ಒಳ್ಳೆಯ ಸುದ್ದಿಯನ್ನೂ ಹೇಳಿಬಿಡುತ್ತೇನೆ. ಚಿಕ್ಕ ಸ್ಕ್ರೀನಿನಲ್ಲಿ ಅಡಿಗೆಯ ವೀಡಿಯೋ ನೋಡಿ ಕಣ್ಣು ಉರಿಯುತ್ತದೆ ಎಂದ ಶಿರಸಿಯ ಹಿರಿಯರಿಗೆ ಇದು. ಮನೆಯಲ್ಲಿ ಲ್ಯಾಪ್‌ಟಾಪು, ವೈಫೈ ಇದ್ದರೆ ಸ್ಕ್ರೀನ್‌ಸ್ಟ್ರೀಮ್ ಎಂಬ ಆಂಡ್ರಾಯ್ಡ್ ಆಪ್ ಸಿಗುತ್ತದೆ. ಅದರ ‘ಲೋಕಲ್’ ಎಂಬ ಬಗೆಯನ್ನು ಆರಿಸಿ ಚಾಲೂ ಮಾಡಿದರೆ ಅಂಕಿಗಳ ಒಂದು ವಿಳಾಸ ತೋರಿಸುತ್ತದೆ. ಅದೇ ವೈಫೈಗೆ ಸೇರಿದ ಲ್ಯಾಪ್‌ಟಾಪಿನ ಬ್ರೌಸರಿನಲ್ಲಿ ಅಂಕಿಗಳನ್ನು ಚುಕ್ಕೆಸಮೇತ ಹಾಗೇ ತುಂಬಿಸಿದರೆ ಫೋನು ದೊಡ್ಡದಾಗಿ ಕಾಣುತ್ತದೆ. ಚಿತ್ರ ಮನೆಯ ವೈಫೈ ಒಳಗೇ ಓಡಾಡುತ್ತದೆ. ಶಬ್ದ ಮಾತ್ರ ಲ್ಯಾಪ್‌ಟಾಪಿಗೆ ಹೋಗುವುದಿಲ್ಲ, ಫೋನಿನಲ್ಲೇ ಕೇಳಿಕೊಳ್ಳಬೇಕು. ಪಿನ್ ಹಾಕುವ ಅನುಕೂಲವೂ ಇದೆ, ಹಾಕಿಕೊಳ್ಳಿ. ಹೋಟೆಲು, ರೈಲ್ವೇ ಸ್ಟೇಷನ್ನಿನ ವೈಫೈಯಲ್ಲಿ ಈ ಆಟ ಬೇಡ.

ಮಕ್ಕಳಿಗೂ ಒಂದು ಮಾತು, ಈ ಪುಟವನ್ನು ಅವರಿಗೆ ಫೋಟೋ ತೆಗೆದು ಕಳಿಸಿ. ಅಮ್ಮನಿಗೆ ಭಾನುವಾರ ಅರ್ಧ ಗಂಟೆ ಕೊಡಿ. "ಅಷ್ಟೂ ಗೊತ್ತಾಗಲ್ವಾ?" ಎಂಬ ಮಾತನ್ನು ಬಾಯಿಗೆ ತರಬೇಡಿ. ನಿಮಗೆ ಒತ್ತಕ್ಷರ ಬರುವತನಕ ಅವಳು ಎಷ್ಟು ಸ್ಲೇಟು ಒರೆಸಿದ್ದಾಳೆ ಎಂಬ ಲೆಕ್ಕ ಅವಳು ಇಟ್ಟಿಲ್ಲ.

ಕೊನೆಯದಾಗಿ, ಈಗಾಗಲೇ ಯಾರಿಗೋ ತೋರಿಸಿಬಿಟ್ಟಿದ್ದರೆ. ಅಳುತ್ತಾ ಕೂರಬೇಡಿ, ಯಜಮಾನರು ಬರಲಿ ಎಂದು ಕಾಯಲೂ ಬೇಡಿ. ಮೊದಲು ಫೋನಿನ ಇಂಟರ್‌ನೆಟ್ಟು, ವೈಫೈ ಎರಡನ್ನೂ ಆರಿಸಿ. ವಿಮಾನದ ಗುರುತು ಒತ್ತಿದರೆ ಸಾಮಾನ್ಯವಾಗಿ ಎರಡೂ ಆರುತ್ತವೆ. ಗಾಬರಿಯಲ್ಲಿ ಏನೂ ತೋಚದಿದ್ದರೆ ಫೋನನ್ನೇ ಆರಿಸಿಬಿಡಿ. ಆ ಕ್ಷಣಕ್ಕೆ ಕಿಟಕಿ ಮುಚ್ಚುತ್ತದೆ. ಬೇರೆ ಯಾರದಾದರೂ ಫೋನಿನಿಂದ ಪಾಸ್‌ಬುಕ್ಕಿನಲ್ಲಿರುವ ಬ್ಯಾಂಕಿನ ನಂಬರಿಗೆ ಮಾಡಿ ಖಾತೆ, ಕಾರ್ಡು ತಡೆಹಿಡಿಯಲು ಹೇಳಿ. ಹಿಂದೆಯೇ 1930ಕ್ಕೆ ಫೋನ್ ಮಾಡಿ. ಇದು ಇಡೀ ದೇಶಕ್ಕೆ ಇರುವ ಸೈಬರ್ ವಂಚನೆಯ ಸಹಾಯವಾಣಿ. ತಡಮಾಡದೆ ತಿಳಿಸಿದಷ್ಟೂ ದುಡ್ಡು ಮುಂದಿನ ಖಾತೆಗೆ ದಾಟುವ ಮೊದಲೇ ಹಿಡಿದಿಡುವ ಸಾಧ್ಯತೆ ಹೆಚ್ಚು. ಎಷ್ಟು ಹೊತ್ತಿಗೆ ಎಷ್ಟು ಹೋಯಿತು, ಯಾವ ನಂಬರಿನೊಂದಿಗೆ ಮಾತು ನಡೆಯಿತು ಎಂಬುದನ್ನು ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ, ಅವರು ಕೇಳುತ್ತಾರೆ. ದೂರಿನ ಸಂಖ್ಯೆಯನ್ನೂ ಬರೆದುಕೊಳ್ಳಿ. ಆ ಆಪನ್ನು ತೆಗೆದುಹಾಕುವ ಮುನ್ನ ಬಂದ ಸಂದೇಶಗಳನ್ನು ಇನ್ನೊಂದು ಫೋನಿನಿಂದ ಫೋಟೋ ತೆಗೆಸಿಟ್ಟುಕೊಂಡರೆ ಪೊಲೀಸ್ ಠಾಣೆಯಲ್ಲಿ ಕೆಲಸಕ್ಕೆ ಬರುತ್ತದೆ. 1930 ಎಂಬ ನಾಲ್ಕು ಅಂಕಿಯನ್ನು ಈಗಲೇ, ಅಡಿಗೆಮನೆಯ ಕ್ಯಾಲೆಂಡರಿನ ಮೇಲೆ ಹಾಲಿನ ಲೆಕ್ಕ ಬರೆಯುವ ಜಾಗದ ಪಕ್ಕದಲ್ಲಿ, ದೊಡ್ಡದಾಗಿ ಬರೆದುಬಿಡಿ.